ಲಿಥಿಯಂ-6 ಒಡೆದರೂ ಆಲ್ಫಾ, ಬೆರೆತರೂ ಆಲ್ಫಾ: ಸ್ಪೆಕ್ಟ್ರಂ ಮಾಡೆಲ್ ಕಟ್ಟುವ ಸಮಗ್ರ ಮಾರ್ಗದರ್ಶಿ

30 ಎಂಇವಿ (ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್) ಶಕ್ತಿಯ ಲಿಥಿಯಂ-6 ಬೀಮನ್ನು ಜಿರ್ಕೋನಿಯಂ-90ರ ತೆಳು ಹಾಳೆಗೆ ಬಿಡಿ. 45 ಡಿಗ್ರಿಯಲ್ಲಿ ಒಂದು ಸಿಲಿಕಾನ್ ಟೆಲಿಸ್ಕೋಪ್ (ಒಂದರ ಹಿಂದೊಂದು ಇಟ್ಟ ಎರಡು ಸಿಲಿಕಾನ್ ಡಿಟೆಕ್ಟರ್) ಇಡಿ. ಆಲ್ಫಾ ಕಣಗಳ (ಹೀಲಿಯಂ-4 ನ್ಯೂಕ್ಲಿಯಸ್) ಸ್ಪೆಕ್ಟ್ರಂನಲ್ಲಿ, ಅಂದರೆ ಯಾವ ಶಕ್ತಿಗೆ ಎಷ್ಟು ಕಣ ಎಂಬ ನಕ್ಷೆಯಲ್ಲಿ, 20 ಎಂಇವಿ ಸುತ್ತ ಒಂದು ದೊಡ್ಡ ದಿಬ್ಬ ಏಳುತ್ತದೆ, ಅದರ ಎಡ ಇಳಿಜಾರಿನಲ್ಲಿ 14 ಎಂಇವಿ ಆಸುಪಾಸು ಇನ್ನೊಂದು ದಿಬ್ಬ ಒರಗಿಕೊಂಡಿರುತ್ತದೆ. ದೊಡ್ಡದು ಲಿಥಿಯಂ ಒಡೆದು ಬಂದದ್ದು, ಒರಗಿದ್ದು ಬೆರೆತು ಕಾದ ನ್ಯೂಕ್ಲಿಯಸ್ಸಿನಿಂದ ಆವಿಯಾಗಿ ಬಂದದ್ದು ಎಂದು ಹೇಳಿಬಿಡುವುದು ಸುಲಭ. ಎಷ್ಟು ಪಾಲು ಯಾವುದರದು ಎಂದು ಹೇಳುವುದು ಕಷ್ಟ. ಎಲ್ಲ ಘಟಕಗಳ ಎತ್ತರವನ್ನೂ ಫಿಟ್ಟಿಂಗ್ ಪ್ರೋಗ್ರಾಮಿಗೆ ಬಿಟ್ಟುಕೊಟ್ಟರೆ ಅದು ಚೆಂದದ ಗೆರೆ ಎಳೆದು ಕೊಡುತ್ತದೆ, ಪಾಲು ಮಾತ್ರ ತಪ್ಪಿರುತ್ತದೆ. ಈ ಮಾರ್ಗದರ್ಶಿಯ ಪಟ್ಟು ಒಂದೇ: ಪ್ರತಿ ಘಟಕವನ್ನೂ ಅದು ಒಂಟಿಯಾಗಿ ಕಾಣುವ ಜಾಗದಲ್ಲಿ ಮೊದಲು ಅಳೆದು ಕಟ್ಟಿಹಾಕಿ, ಆಮೇಲೆ ಕೂಡಿಸಿ.

ಉದಾಹರಣೆಯಾಗಿ ಲಿಥಿಯಂ-6 ಮತ್ತು ಜಿರ್ಕೋನಿಯಂ-90 ಜೋಡಿಯನ್ನೇ ಕೊನೆಯವರೆಗೂ ಇಟ್ಟುಕೊಳ್ಳೋಣ. ಗುರಿ ಮಧ್ಯಮ ತೂಕದ್ದಾದ್ದರಿಂದ ಎರಡೂ ಬಗೆಯ ಆಲ್ಫಾ ಸಾಕಷ್ಟು ಬರುತ್ತವೆ. ಸೀಸ, ಬಿಸ್ಮತ್‌ನಂಥ ಭಾರದ ಗುರಿಯಲ್ಲಿ ಆವಿಯಾಗುವುದು ಬಹುಪಾಲು ನ್ಯೂಟ್ರಾನೇ. ಇಂಥ ಬೀಮ್ ನಮ್ಮಲ್ಲೂ ಸಿಗುತ್ತದೆ. ಮುಂಬೈನ ಕೊಲಾಬಾದಲ್ಲಿ ಟಿಐಎಫ್ಆರ್ (ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ) ಆವರಣದ ಪೆಲೆಟ್ರಾನ್, ದೆಹಲಿಯ ಐಯುಎಸಿ (ಅಂತರ-ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರ) ಪೆಲೆಟ್ರಾನ್ ಎರಡೂ ಟ್ಯಾಂಡೆಮ್ ಯಂತ್ರಗಳು. ಟ್ಯಾಂಡೆಮ್‌ನಲ್ಲಿ ಋಣ ಅಯಾನು ಒಮ್ಮೆ, ಮೂರು ಎಲೆಕ್ಟ್ರಾನ್ ಕಳಚಿದ ಧನ ಅಯಾನು ಇನ್ನೊಮ್ಮೆ ತಳ್ಳಿಸಿಕೊಳ್ಳುತ್ತದೆ. ಹಾಗಾಗಿ ನಡುವಿನ ಹೆಚ್ಚು ವೋಲ್ಟೇಜಿನ ಟರ್ಮಿನಲ್ 7.5 ಮೆಗಾವೋಲ್ಟ್‌ನಲ್ಲಿದ್ದರೆ 4 × 7.5 = 30 ಎಂಇವಿ.

ಮೊದಲು ಶಕ್ತಿಯ ಲೆಕ್ಕ

ಕೋಡ್ ತೆರೆಯುವ ಮುನ್ನ ಒಂದು ಹಾಳೆಯ ಮೇಲೆ ಇವನ್ನು ಬರೆದುಕೊಳ್ಳಿ. ಮುಂದೆ ಪ್ರತಿ ಹೆಜ್ಜೆಯಲ್ಲೂ ತಪ್ಪು ಹಿಡಿಯಲು ಇದೇ ಹಾಳೆ ಬೇಕು.

ದ್ರವ್ಯಕೇಂದ್ರ ಚೌಕಟ್ಟಿನ (ಎರಡೂ ನ್ಯೂಕ್ಲಿಯಸ್ಸುಗಳ ಒಟ್ಟು ಸಂವೇಗ ಸೊನ್ನೆಯಾಗಿ ಕಾಣುವ ಚೌಕಟ್ಟು) ಶಕ್ತಿ 30 × 90/96, ಅಂದರೆ 28.1 ಎಂಇವಿ. ಎರಡೂ ಬೆರೆತರೆ ಟೆಕ್ನೀಷಿಯಂ-96. ಈ ಸಮ್ಮಿಳನದ ಕ್ಯೂ-ಮೌಲ್ಯ (ಕ್ರಿಯೆಯಲ್ಲಿ ಬಿಡುಗಡೆಯಾಗುವ ಶಕ್ತಿ) +11.1 ಎಂಇವಿ, ಆದ್ದರಿಂದ ಉದ್ರೇಕ ಶಕ್ತಿ 39 ಎಂಇವಿಗೆ ಸ್ವಲ್ಪ ಮೇಲೆ. ಅದರಿಂದ ನ್ಯೂಟ್ರಾನ್ ಕೀಳಲು 7.9, ಪ್ರೋಟಾನ್ ಕೀಳಲು 5.4, ಆಲ್ಫಾ ಕೀಳಲು ಬರೀ 1.8 ಎಂಇವಿ ಸಾಕು. ಆಲ್ಫಾವನ್ನು ತಡೆದು ನಿಲ್ಲಿಸುವುದು ಬಂಧನವಲ್ಲ, ಧನ ವಿದ್ಯುದಂಶಗಳ ವಿಕರ್ಷಣೆ ಕಟ್ಟುವ ಕೂಲಂಬ್ ತಡೆಗೋಡೆ.

ಲಿಥಿಯಂ-6 ಆಲ್ಫಾ ಮತ್ತು ಡ್ಯೂಟರಾನ್ (ಒಂದು ಪ್ರೋಟಾನ್, ಒಂದು ನ್ಯೂಟ್ರಾನಿನ ಜೋಡಿ) ಆಗಿ ಒಡೆಯಲು ಬೇಕಾದದ್ದು 1.474 ಎಂಇವಿ. ಅದರ ಮೊದಲ ಅನುರಣನ (ಒಡೆಯುವ ಮುನ್ನ ಕ್ಷಣಕಾಲ ನಿಲ್ಲುವ ಉದ್ರೇಕ ಸ್ಥಿತಿ) 2.186 ಎಂಇವಿಯಲ್ಲಿದೆ, ಸ್ಪಿನ್ 3, ಅಗಲ 24 ಕೆಇವಿ (ಕೆಇವಿ ಎಂದರೆ ಎಂಇವಿಯ ಸಾವಿರದಲ್ಲೊಂದು). 4.31 ಎಂಇವಿ ಬಳಿ ಸ್ಪಿನ್ 2ರ ಅಗಲವಾದ ಸ್ಥಿತಿ, 5.65ರ ಬಳಿ ಸ್ಪಿನ್ 1ರದು. ನಡುವೆ 3.563 ಎಂಇವಿಯಲ್ಲಿ ಸ್ಪಿನ್ 0ರ ಇನ್ನೊಂದು ಸ್ಥಿತಿ ಇದೆ. ಅದನ್ನು ಒಡೆಯುವಿಕೆಯ ಪಟ್ಟಿಗೆ ಸೇರಿಸಬೇಡಿ. ಪ್ಯಾರಿಟಿ (ಕನ್ನಡಿ-ಸಮ್ಮಿತಿ) ನಿಯಮ ಅದನ್ನು ಆಲ್ಫಾ-ಡ್ಯೂಟರಾನ್ ಆಗಲು ಬಿಡುವುದಿಲ್ಲ, ಅದು ಗಾಮಾ ಸೂಸಿ ಕೆಳಗಿಳಿಯುತ್ತದೆ. ಮಟ್ಟಗಳ ಕೋಷ್ಟಕದಿಂದ ಎಲ್ಲ ಸಾಲನ್ನೂ ನಕಲು ಮಾಡಿದವರು ಇಲ್ಲೇ ಎಡವುತ್ತಾರೆ.

ಡ್ಯೂಟರಾನ್ ಗುರಿಗೇ ಅಂಟಿಕೊಂಡು ಆಲ್ಫಾ ಒಂದೇ ಹೊರಟರೆ ಉಳಿಯುವುದು ನಿಯೋಬಿಯಂ-92. ಅದರ ಮೂಲ ಸ್ಥಿತಿಗೆ ಕ್ಯೂ-ಮೌಲ್ಯ +9.3 ಎಂಇವಿ. ಇದರಿಂದ 45 ಡಿಗ್ರಿಯಲ್ಲಿ ಆಲ್ಫಾ ಗರಿಷ್ಠ 38 ಎಂಇವಿವರೆಗೂ ಹೋಗಬಲ್ಲದು. ಅಂದರೆ ಬೀಮಿನ ಶಕ್ತಿಗಿಂತ ಹೆಚ್ಚು ಶಕ್ತಿಯ ಆಲ್ಫಾ ಕಂಡರೆ ಕ್ಯಾಲಿಬ್ರೇಷನ್ ಕೆಟ್ಟಿದೆ ಎಂದು ಗಾಬರಿಯಾಗಬೇಕಿಲ್ಲ.

ಲಿಥಿಯಂ-ಜಿರ್ಕೋನಿಯಂ ತಡೆಗೋಡೆ ದ್ರವ್ಯಕೇಂದ್ರದಲ್ಲಿ ಸುಮಾರು 17 ಎಂಇವಿ. 28.1ರಲ್ಲಿ ಗುರಿಯ ಅಂಚನ್ನು ಒರಸಿಕೊಂಡು ಹೋಗುವ ಲಿಥಿಯಂ ಚದುರುವ ಕೋನ ಲ್ಯಾಬ್‌ನಲ್ಲಿ 48 ಡಿಗ್ರಿ ಆಸುಪಾಸು. ನೇರ ಕ್ರಿಯೆಗಳ ಆಲ್ಫಾ ಇದರ ಸುತ್ತಮುತ್ತಲೇ ಜಾಸ್ತಿ, ಹಿಂದಿನ ಕೋನಗಳಲ್ಲಿ (90 ಡಿಗ್ರಿ ಆಚೆ, ಬೀಮ್ ಬಂದ ಕಡೆಗೆ) ತೀರಾ ಕಡಿಮೆ. ಈ ಒಂದು ಅಂಶದ ಮೇಲೆ ಮುಂದಿನ ಕೆಲಸವೆಲ್ಲ ನಿಂತಿದೆ.

ಆಲ್ಫಾ ಬರುವ ದಾರಿಗಳನ್ನು ಬಿಡಿಸಿ ಬರೆಯಿರಿ

ಒಂದನೆಯದು ಪೂರ್ಣ ಸಮ್ಮಿಳನ: ಲಿಥಿಯಂ ಇಡಿಯಾಗಿ ನುಂಗಿಹೋಗಿ, ಟೆಕ್ನೀಷಿಯಂ-96 ತಣ್ಣಗಾಗುತ್ತ ಆಲ್ಫಾ ಬಿಡುತ್ತದೆ. ಎರಡನೆಯದು ಎಲಾಸ್ಟಿಕ್ ಒಡೆಯುವಿಕೆ: ಆಲ್ಫಾ, ಡ್ಯೂಟರಾನ್ ಎರಡೂ ಹೊರಬರುತ್ತವೆ, ಗುರಿ ಮೂಲ ಸ್ಥಿತಿಯಲ್ಲೇ ಉಳಿಯುತ್ತದೆ. ಮೂರನೆಯದು ನಾನ್-ಎಲಾಸ್ಟಿಕ್: ಆಲ್ಫಾ ಪಾರಾಗುತ್ತದೆ, ಡ್ಯೂಟರಾನ್ ಗುರಿಯೊಳಗೆ ಸೇರುತ್ತದೆ ಇಲ್ಲವೇ ಗುರಿಯನ್ನು ಕದಡುತ್ತದೆ. ಅಪೂರ್ಣ ಸಮ್ಮಿಳನ ಎನ್ನುವುದು ಬಹುಮಟ್ಟಿಗೆ ಇದರೊಳಗೇ ಬರುತ್ತದೆ. ನಾಲ್ಕನೆಯದು ವರ್ಗಾವಣೆಯ ಬೆನ್ನಿಗೆ ಒಡೆಯುವುದು: ಒಂದು ನ್ಯೂಟ್ರಾನ್ ಕೊಟ್ಟ ಲಿಥಿಯಂ-5 ಆಲ್ಫಾ ಮತ್ತು ಪ್ರೋಟಾನ್ ಆಗುತ್ತದೆ, ಡ್ಯೂಟರಾನ್ ಕಿತ್ತುಕೊಂಡು ಬೆರಿಲಿಯಂ-8 ಆದರೆ ಎರಡು ಆಲ್ಫಾ. ಐದನೆಯದು ಹಾಳೆಯ ಮೇಲಿನ ಇಂಗಾಲ, ಆಮ್ಲಜನಕಗಳಿಂದ ಬರುವ ಕಲಬೆರಕೆ.

ಇವುಗಳಲ್ಲಿ ಎರಡನೆಯದೇ ಮುಖ್ಯ ಎಂದು ಬಹುಕಾಲ ಹಲವರು ಅಂದುಕೊಂಡಿದ್ದರು. ಬಿಸ್ಮತ್-209ರ ಮೇಲಿನ ಲಿಥಿಯಂ-6 ದತ್ತಾಂಶಕ್ಕೆ ಭೌತವಿಜ್ಞಾನಿಗಳಾದ ಜಿನ್ ಲೇ ಮತ್ತು ಆಂಟೋನಿಯೊ ಮೊರೊ 2015ರಲ್ಲಿ ಮಾಡಿದ ಲೆಕ್ಕ ಮೂರನೆಯದೇ ಹೆಚ್ಚು ಎಂದು ತೋರಿಸಿತು. ಆದ್ದರಿಂದ ಬರೀ ಎಲಾಸ್ಟಿಕ್ ಒಡೆಯುವಿಕೆಯ ಲೆಕ್ಕ ಮಾಡಿ, ಅದು ದತ್ತಾಂಶಕ್ಕಿಂತ ಕಮ್ಮಿ ಬಂತೆಂದು ಅದನ್ನೇ ಗುಣಿಸಿ ಮೇಲೆತ್ತುವುದು ತಪ್ಪು.

ಡಿಟೆಕ್ಟರ್ ಕಾಣದ್ದನ್ನು ಮಾಡೆಲ್‌ನಿಂದಲೂ ತೆಗೆಯಿರಿ

ಸಾಮಾನ್ಯ ಜೋಡಣೆ ಎಂದರೆ ಮುಂದೆ 25ರಿಂದ 50 ಮೈಕ್ರಾನ್ ದಪ್ಪದ ತೆಳು ಸಿಲಿಕಾನ್, ಹಿಂದೆ 1 ಮಿಲಿಮೀಟರಿನ ದಪ್ಪ ಸಿಲಿಕಾನ್. 50 ಮೈಕ್ರಾನ್ ಹಾಕಿದರೆ ಸುಮಾರು 8 ಎಂಇವಿಗಿಂತ ಕಡಿಮೆ ಶಕ್ತಿಯ ಆಲ್ಫಾ ಮುಂದಿನದರಲ್ಲೇ ನಿಂತುಬಿಡುತ್ತವೆ, ಯಾವ ಕಣವೆಂದು ಗುರುತು ಸಿಗುವುದಿಲ್ಲ. 25 ಮೈಕ್ರಾನ್ ಆದರೆ ಈ ಕಡಿತ ಸುಮಾರು 5 ಎಂಇವಿಗೆ ಇಳಿಯುತ್ತದೆ. ಹಿಂದಿನ ಕೋನಗಳಲ್ಲಿ ಆವಿ-ಆಲ್ಫಾದ ದಿಬ್ಬ 11 ಎಂಇವಿಗೆ ಜಾರುತ್ತದೆ, ಅದರ ಎಡ ಇಳಿಜಾರು ಪೂರ್ತಿ ಬೇಕೆಂದರೆ ಅಲ್ಲಿ 25 ಮೈಕ್ರಾನ್‌ದನ್ನೇ ಇಡಿ. ಹಿಂದಿನ 1 ಮಿಲಿಮೀಟರ್ ಸಿಲಿಕಾನ್ ಇಲ್ಲಿ ಬರುವ ಎಲ್ಲ ಆಲ್ಫಾವನ್ನೂ, 16 ಎಂಇವಿವರೆಗಿನ ಡ್ಯೂಟರಾನನ್ನೂ ನಿಲ್ಲಿಸುತ್ತದೆ. ಪ್ರೋಟಾನ್ ಸುಮಾರು 12 ಎಂಇವಿ ದಾಟಿದರೆ ತೂರಿಹೋಗಿ, ಕಡಿಮೆ ಶಕ್ತಿಯ ಕಣದಂತೆ ಸುಳ್ಳು ದಾಖಲೆಯಾಗುತ್ತದೆ.

ಇನ್ನೊಂದು ಮೋಸ ಗಮನಿಸಿ. ತೆಳು ಸಿಲಿಕಾನ್‌ನಲ್ಲಿ ಬಿಡುವ ಶಕ್ತಿ ದ್ರವ್ಯರಾಶಿ × ವಿದ್ಯುದಂಶದ ವರ್ಗ ÷ ಶಕ್ತಿ ಎಂಬ ಪ್ರಮಾಣದಲ್ಲಿರುತ್ತದೆ. ಈ ಗುಣಲಬ್ಧ ಆಲ್ಫಾಕ್ಕೆ 16, ಲಿಥಿಯಂ-6ಕ್ಕೆ 54, ಲಿಥಿಯಂ-7ಕ್ಕೆ 63. ಬೆರಿಲಿಯಂ-8 ಬರೀ 92 ಕೆಇವಿಯಲ್ಲಿ ಒಡೆಯುವುದರಿಂದ ಅದರ ಎರಡು ಆಲ್ಫಾ ಒತ್ತೊತ್ತಾಗಿ ಬಂದು ಒಂದೇ ಟೆಲಿಸ್ಕೋಪಿಗೆ ಬೀಳುವ ಸಾಧ್ಯತೆ ಹೆಚ್ಚು. ಆಗ ಜೋಡಿಯ ಗುಣಲಬ್ಧ 64. ಅಂದರೆ ಎರಡು ಸಿಲಿಕಾನ್‌ಗಳ ಶಕ್ತಿಯ ನಕ್ಷೆಯಲ್ಲಿ ಲಿಥಿಯಂ-7 ಎಳೆಯುವ ಪಟ್ಟಿಯ ಮೇಲೇ ಕೂರುತ್ತದೆ, ಅಲ್ಲಿ ಅದನ್ನು ಬೇರ್ಪಡಿಸಲು ಕಣ್ಣಿಗೆ ಆಗದು. ಆಲ್ಫಾ-ಡ್ಯೂಟರಾನ್ ಜೋಡಿ ಒಟ್ಟಿಗೆ ಬಿದ್ದರೆ 30, ಅದು ಹೀಲಿಯಂ ಮತ್ತು ಲಿಥಿಯಂ ಪಟ್ಟಿಗಳ ನಡುವಿನ ಖಾಲಿ ಜಾಗದಲ್ಲಿ ಮಸುಕಾಗಿ ಕಾಣುತ್ತದೆ. ಹೀಗೆ ಕಳೆದುಹೋದ ಆಲ್ಫಾ ಎಷ್ಟೆಂದು ಮಾಂಟೆ ಕಾರ್ಲೊದಲ್ಲೇ (ಯಾದೃಚ್ಛಿಕ ಸಂಖ್ಯೆಗಳಿಂದ ಘಟನೆಗಳನ್ನು ಅನುಕರಿಸುವ ವಿಧಾನ) ಲೆಕ್ಕ ಹಾಕಿ: ಎರಡೂ ಕಣ ಒಂದೇ ಟೆಲಿಸ್ಕೋಪಿಗೆ ಬಿದ್ದ ಘಟನೆಯನ್ನು ಆಲ್ಫಾ ಎಂದು ಎಣಿಸಬೇಡಿ.

ಹಾಳೆ 500 ಮೈಕ್ರೋಗ್ರಾಂ ಪ್ರತಿ ಚದರ ಸೆಂಟಿಮೀಟರ್ ದಪ್ಪದ್ದಾದರೆ ಶಕ್ತಿ ನಷ್ಟ ಕೆಲವು ನೂರು ಕೆಇವಿಯೊಳಗೇ ಇರುತ್ತದೆ. ಕ್ರಿಯೆ ಹಾಳೆಯ ನಡುವಿನಲ್ಲಿ ನಡೆಯಿತೆಂದು ಹಿಡಿದು ಬೀಮಿನ ಶಕ್ತಿಯನ್ನು ತಿದ್ದಿದರೆ ಸಾಕು. 5 ಮಿಲಿಮೀಟರ್ ವ್ಯಾಸದ ರಂಧ್ರ 20 ಸೆಂಟಿಮೀಟರ್ ದೂರದಲ್ಲಿದ್ದರೆ ಘನಕೋನ 0.49 ಮಿಲಿಸ್ಟೆರೇಡಿಯನ್.

ಆವಿ-ಆಲ್ಫಾ ಘಟಕ

ಇದಕ್ಕೆ ಕಾದ ನ್ಯೂಕ್ಲಿಯಸ್ ಕಣ ಬಿಡುವುದನ್ನು ಲೆಕ್ಕ ಹಾಕುವ ಪೇಸ್4 ಎಂಬ ಪ್ರೋಗ್ರಾಮ್ ಸಾಕು, ಲೈಸ್++ ಎಂಬ ಪ್ರೋಗ್ರಾಮ್ ಕಟ್ಟಿನ ಜೊತೆಗೇ ಬರುತ್ತದೆ. ಆದರೆ ಅದರ ಮೊದಲೇ ತುಂಬಿಟ್ಟ ಆಯ್ಕೆಗಳನ್ನು ಹಾಗೇ ಒಪ್ಪಿಕೊಳ್ಳಬೇಡಿ.

ಮೊದಲು ಸಮ್ಮಿಳನದ ಕ್ರಾಸ್ ಸೆಕ್ಷನ್, ಅಂದರೆ ಅದು ನಡೆಯುವ ಸಾಧ್ಯತೆಯ ಅಳತೆ (ಮಿಲಿಬಾರ್ನ್ ಅದರ ಏಕಮಾನ). ತಡೆಗೋಡೆಯ ಮೇಲಿನ ಶಕ್ತಿಯಲ್ಲಿ ವಾಂಗ್ ಸೂತ್ರ ತೀರಾ ಸರಳವಾಗುತ್ತದೆ: ಪೈ × ತಡೆಗೋಡೆಯ ತ್ರಿಜ್ಯದ ವರ್ಗ × (1 − ತಡೆಗೋಡೆ/ಶಕ್ತಿ). ತ್ರಿಜ್ಯ 9.7 ಫೆರ್ಮಿ (ಒಂದು ಫೆರ್ಮಿ 10⁻¹⁵ ಮೀಟರ್), ತಡೆಗೋಡೆ 17 ಹಾಕಿದರೆ ಸುಮಾರು 1170 ಮಿಲಿಬಾರ್ನ್ ಬರುತ್ತದೆ. ಸಡಿಲವಾಗಿ ಕಟ್ಟಿಕೊಂಡ ನ್ಯೂಕ್ಲಿಯಸ್‌ಗಳಿಗೆ ಇದು ಹೆಚ್ಚಾಯಿತು. ಲಿಥಿಯಂ-6 ಮತ್ತು ಬಿಸ್ಮತ್-209 ಬಗ್ಗೆ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ನಡೆದ ಅಳತೆಗಳಲ್ಲಿ ಪೂರ್ಣ ಸಮ್ಮಿಳನ ನಿರೀಕ್ಷೆಯ ಮೂರನೇ ಎರಡರಷ್ಟೇ ಇತ್ತು, ಉಳಿದದ್ದು ಅಪೂರ್ಣ ಸಮ್ಮಿಳನಕ್ಕೆ ಹೋಗಿತ್ತು. ನಿಮ್ಮ ಜೋಡಿಗೆ ಅಳೆದ ಮೌಲ್ಯವಿದ್ದರೆ ಅದನ್ನೇ ಹಾಕಿ. ಇಲ್ಲವಾದರೆ 0.7ರಿಂದ ಗುಣಿಸಿ 820 ಮಿಲಿಬಾರ್ನ್ ಸುತ್ತ ಶುರುಮಾಡಿ. ಪೇಸ್4 ತಾನಾಗಿ ಬಾಸ್ ಮಾದರಿಯಿಂದ ಕ್ರಾಸ್ ಸೆಕ್ಷನ್ ತೆಗೆದುಕೊಳ್ಳುತ್ತದೆ, ಅದರಲ್ಲಿ ಈ ಕಡಿತ ಇಲ್ಲ. ಮೌಲ್ಯವನ್ನು ಕೈಯಿಂದ ತುಂಬಿ. ಇದು ಬರೀ ಎತ್ತರದ ಪ್ರಶ್ನೆಯಲ್ಲ: 1170ಕ್ಕೆ ಗರಿಷ್ಠ ಕೋನೀಯ ಸಂವೇಗ 16 ಆಸುಪಾಸು, 820ಕ್ಕೆ 13. ಕೋನೀಯ ಸಂವೇಗ ಹೆಚ್ಚಿದಷ್ಟೂ ಆಲ್ಫಾದ ಪಾಲು ಹೆಚ್ಚುತ್ತದೆ, ಯಾಕೆಂದರೆ ತಿರುಗುವಿಕೆಯನ್ನು ಹೊತ್ತುಕೊಂಡು ಹೋಗಲು ನ್ಯೂಟ್ರಾನಿಗಿಂತ ಆಲ್ಫಾ ಸಮರ್ಥ.

ಆಮೇಲೆ ಮಟ್ಟಗಳ ಸಾಂದ್ರತೆ, ಅಂದರೆ ಪ್ರತಿ ಎಂಇವಿಗೆ ನ್ಯೂಕ್ಲಿಯಸ್ಸಿನಲ್ಲಿ ಎಷ್ಟು ಸ್ಥಿತಿಗಳಿವೆ ಎಂಬುದು. ಅದರ ನಿಯತಾಂಕವನ್ನು ಎ = ದ್ರವ್ಯಸಂಖ್ಯೆ ÷ ಕೆ ಎಂದು ಬರೆದರೆ ಕೆ 8ರಿಂದ 10ರ ನಡುವೆ ಇಡುವುದು ರೂಢಿ. ಆಲ್ಫಾ ಹೊರಟ ಮೇಲೆ ನಿಯೋಬಿಯಂ-92ರಲ್ಲಿ ಸುಮಾರು 23.5 ಎಂಇವಿ ಉಳಿಯುತ್ತದೆ. ಕೆ = 8 ಆದರೆ ತಾಪಮಾನ √(23.5/11.5), ಅಂದರೆ 1.43 ಎಂಇವಿ. ಕೆ = 10 ಆದರೆ 1.6. ವ್ಯತ್ಯಾಸ ಸಣ್ಣದೆನಿಸಬಹುದು. ಆದರೆ ದಿಬ್ಬದ ತುದಿಯಿಂದ 8 ಎಂಇವಿ ಮೇಲೆ, ಅಂದರೆ ಒಡೆದ ಆಲ್ಫಾ ಇರುವ ಜಾಗದಲ್ಲೇ, ಈ ಬದಲಾವಣೆ ಬಾಲವನ್ನು ಹೆಚ್ಚುಕಡಿಮೆ 1.8 ಪಟ್ಟು ಎತ್ತುತ್ತದೆ. ಒಂದು ಅಂದಾಜು ನೆನಪಿಡಿ: ತಾಪಮಾನ 1.4 ಇದ್ದರೆ ಬಾಲ ಪ್ರತಿ 3.2 ಎಂಇವಿಗೆ ಹತ್ತರಲ್ಲೊಂದು ಪಾಲಿಗೆ ಇಳಿಯಬೇಕು. ಹಿಂದಿನ ಕೋನದ ದತ್ತಾಂಶವನ್ನು ಲಾಗ್ ಅಕ್ಷದಲ್ಲಿ ಎಳೆದು ಸ್ಕೇಲ್ ಇಟ್ಟು ನೋಡಿದರೆ ಕೆ ಎಷ್ಟಿರಬೇಕೆಂದು ಬಹುಮಟ್ಟಿಗೆ ತಿಳಿಯುತ್ತದೆ.

ದಿಬ್ಬದ ಎಡ ಇಳಿಜಾರು ಕೂಡದಿದ್ದರೆ ಕೆ ಮುಟ್ಟಬೇಡಿ. ಅದು ತಡೆಗೋಡೆಯ ಕೆಲಸ, ಆಲ್ಫಾದ ಟ್ರಾನ್ಸ್‌ಮಿಷನ್ ಗುಣಾಂಕ (ತಡೆಗೋಡೆ ದಾಟುವ ಸಂಭವನೀಯತೆ) ಯಾವ ಪೊಟೆನ್ಶಿಯಲ್‌ನಿಂದ ಬಂದಿದೆ ನೋಡಿ. ಬಲ ಬಾಲ ಕೂಡದಿದ್ದರೆ ಮಾತ್ರ ಕೆ. ಒಂದನ್ನು ಸರಿಪಡಿಸಲು ಇನ್ನೊಂದನ್ನು ತಿರುವಿದರೆ ಎರಡೂ ಅರ್ಥ ಕಳೆದುಕೊಳ್ಳುತ್ತವೆ.

ಕನಿಷ್ಠ 1 ಲಕ್ಷ ಘಟನೆ ಓಡಿಸಿ, ಬಾಲ ಬೇಕಿದ್ದರೆ 10 ಲಕ್ಷ. ಒಂದೇ ಘಟನೆಯಲ್ಲಿ ಎರಡು ಆಲ್ಫಾ ಬರಬಹುದು, ಆದ್ದರಿಂದ ಆಲ್ಫಾಗಳ ಎಣಿಕೆಯೇ ಸಮ್ಮಿಳನ ಘಟನೆಗಳ ಎಣಿಕೆಯಲ್ಲ.

ಲ್ಯಾಬ್‌ಗೆ ತರುವಾಗ ಕೂಡಿಕೆ-ನ್ಯೂಕ್ಲಿಯಸ್ಸಿನ (ಇಲ್ಲಿ ಟೆಕ್ನೀಷಿಯಂ-96) ವೇಗವನ್ನು ಸೇರಿಸಬೇಕು. ಅದೇ ವೇಗದಲ್ಲಿ ಹೋಗುವ ಆಲ್ಫಾದ ಶಕ್ತಿ 4 × 6 × 30/96², ಬರೀ 0.078 ಎಂಇವಿ. ಇಷ್ಟು ಸಣ್ಣದನ್ನು ಬಿಟ್ಟುಬಿಡೋಣ ಅನಿಸುತ್ತದೆ. ಬಿಡಬೇಡಿ. ಶಕ್ತಿಗಳು ಕೂಡುವುದಿಲ್ಲ, ವೇಗಗಳು ಕೂಡುತ್ತವೆ, ಅಂದರೆ ವರ್ಗಮೂಲಗಳು. ದ್ರವ್ಯಕೇಂದ್ರದಲ್ಲಿ 12.5 ಎಂಇವಿ ಇರುವ ಆಲ್ಫಾ 45 ಡಿಗ್ರಿಯಲ್ಲಿ 13.9 ಎಂಇವಿಯಾಗಿ, 150 ಡಿಗ್ರಿಯಲ್ಲಿ 10.8 ಆಗಿ ಕಾಣುತ್ತದೆ. ಮೂರು ಎಂಇವಿ ವ್ಯತ್ಯಾಸ. ಜೊತೆಗೆ ತೀವ್ರತೆಯನ್ನು √(ಲ್ಯಾಬ್ ಶಕ್ತಿ/ದ್ರವ್ಯಕೇಂದ್ರ ಶಕ್ತಿ)ಯಿಂದ ಗುಣಿಸಬೇಕು. ಘಟನೆ ಘಟನೆಯಾಗಿ ಮಾಂಟೆ ಕಾರ್ಲೊ ಮಾಡುವವರು ಈ ಗುಣಕ ಹಾಕಬಾರದು, ಅಲ್ಲಿ ಅದು ತಾನಾಗಿಯೇ ಬಂದಿರುತ್ತದೆ. ಎರಡು ಸಲ ಹಾಕಿ ಮುಂದಿನ ಕೋನವನ್ನು ಉಬ್ಬಿಸಿಕೊಂಡ ಲೆಕ್ಕಗಳು ಅಪರೂಪವಲ್ಲ.

ಈಗ 120ರಿಂದ 150 ಡಿಗ್ರಿಯ ದತ್ತಾಂಶಕ್ಕೆ ಈ ಘಟಕವೊಂದನ್ನೇ ಹೊಂದಿಸಿ. ಎತ್ತರ, ಕೆ ಎರಡೂ ಇಲ್ಲಿ ಸಿಕ್ಕವು. ಇನ್ನು ಇವನ್ನು ಮುಟ್ಟುವುದಿಲ್ಲ.

ಎಲಾಸ್ಟಿಕ್ ಒಡೆಯುವಿಕೆ: 0.712 ಎಂಇವಿ ಹೇಗೆ 8 ಎಂಇವಿ ಆಗುತ್ತದೆ

ಇಡೀ ವಿಷಯದಲ್ಲಿ ಕೈಯಿಂದ ಲೆಕ್ಕ ಹಾಕಲೇಬೇಕಾದ ಜಾಗ ಇದು. ಲಿಥಿಯಂ-6 ತನ್ನ 2.186 ಎಂಇವಿ ಅನುರಣನಕ್ಕೆ ಏರಿ 45 ಡಿಗ್ರಿಗೆ ಚದುರಿತೆನ್ನಿ. ಎರಡು-ಕಣಗಳ ಲೆಕ್ಕದಿಂದ ಅದರ ಶಕ್ತಿ 26.70 ಎಂಇವಿ. ಒಡೆಯುವಾಗ ಬಿಡುಗಡೆಯಾಗುವುದು 2.186 − 1.474, ಅಂದರೆ 0.712. ಸಂವೇಗ ಸಮವಾಗಬೇಕಾದ್ದರಿಂದ ಹಗುರ ಡ್ಯೂಟರಾನಿಗೆ ಮೂರನೇ ಎರಡು, ಆಲ್ಫಾಕ್ಕೆ ಮೂರನೇ ಒಂದು: 0.237 ಎಂಇವಿ. ಲಿಥಿಯಂನ ವೇಗದಲ್ಲೇ ಹೋಗುವ ಆಲ್ಫಾದ ಶಕ್ತಿ 26.70ರ ಮೂರನೇ ಎರಡು, 17.80.

ವರ್ಗಮೂಲ ತೆಗೆದು ಕೂಡಿಸಿ, ಕಳೆಯಿರಿ. 4.219 + 0.487 = 4.706, ವರ್ಗ 22.2 ಎಂಇವಿ. 4.219 − 0.487 = 3.732, ವರ್ಗ 13.9 ಎಂಇವಿ. ಕಾಲು ಎಂಇವಿಗೂ ಕಡಿಮೆ ಶಕ್ತಿ ಆಲ್ಫಾವನ್ನು 8 ಎಂಇವಿ ಉದ್ದಕ್ಕೂ ಹರಡಿಬಿಟ್ಟಿತು. ಡ್ಯೂಟರಾನಿಗೂ ಹೀಗೇ: 5.3ರಿಂದ 13.5ವರೆಗೆ. ಆಲ್ಫಾ ಮುಂದಕ್ಕೆ, ಡ್ಯೂಟರಾನ್ ಹಿಂದಕ್ಕೆ ಹೊರಟಾಗ ಮೊತ್ತ 22.15 + 5.26 = 27.41. ಇದು 26.70 + 0.712ಕ್ಕೆ ಸರಿಹೊಂದಬೇಕು, ಹೊಂದುತ್ತದೆ. ನಿಮ್ಮ ಕೋಡ್ ಈ ನಾಲ್ಕು ಅಂಕಿಗಳನ್ನು ಕೊಡದಿದ್ದರೆ ಮುಂದೆ ಹೋಗಬೇಡಿ.

ಕೆಳಗಿನ ತುದಿ 13.9 ಎಂದು ಬಂತಲ್ಲ, ಆವಿ-ಆಲ್ಫಾದ ತುದಿಯೂ 45 ಡಿಗ್ರಿಯಲ್ಲಿ 13.9ರ ಬಳಿಯೇ ಇತ್ತು. ‘14 ಎಂಇವಿ ದಿಬ್ಬವೆಲ್ಲ ಸಮ್ಮಿಳನದ್ದು’ ಎಂಬ ಮಾತು ಯಾಕೆ ನಿಲ್ಲದು ಎಂದು ಇದರಿಂದ ಗೊತ್ತಾಗುತ್ತದೆ.

ಆಲ್ಫಾ ಲಿಥಿಯಂನ ದಾರಿಯಿಂದ ಗರಿಷ್ಠ 6.6 ಡಿಗ್ರಿ, ಡ್ಯೂಟರಾನ್ 13.4 ಡಿಗ್ರಿ ವಾಲಬಲ್ಲದು. ಎರಡರ ನಡುವಿನ ಕೋನ ಸುಮಾರು 20 ಡಿಗ್ರಿ ಮೀರದು. ಈ ಅನುರಣನದ ಜೋಡಿಗಳನ್ನು ಒಂದೇ ಕ್ಷಣದಲ್ಲಿ, ಅಂದರೆ ಕೋಇನ್ಸಿಡೆನ್ಸ್‌ನಲ್ಲಿ ಹಿಡಿಯಬೇಕಾದರೆ ಟೆಲಿಸ್ಕೋಪ್‌ಗಳನ್ನು ಅಷ್ಟರೊಳಗೇ ಒತ್ತಾಗಿ ಇಡಬೇಕು.

ಮಾಂಟೆ ಕಾರ್ಲೊ ಹೀಗೆ ಸಾಗುತ್ತದೆ. ಆಲ್ಫಾ, ಡ್ಯೂಟರಾನ್ ನಡುವಿನ ಸಾಪೇಕ್ಷ ಶಕ್ತಿಯೊಂದನ್ನು ಅದರ ಹಂಚಿಕೆಯಿಂದ ಆರಿಸಿ. ಅದಕ್ಕೆ 1.474 ಕೂಡಿಸಿದರೆ ಲಿಥಿಯಂನ ಉದ್ರೇಕ ಶಕ್ತಿ. ಚದುರುವ ಕೋನವನ್ನು ಅದರ ಹಂಚಿಕೆಯಿಂದ ಆರಿಸಿ, ಲಿಥಿಯಂನ ವೇಗ ಕಂಡುಹಿಡಿಯಿರಿ. ಲಿಥಿಯಂನ ಚೌಕಟ್ಟಿನಲ್ಲಿ ಒಡೆಯುವ ದಿಕ್ಕನ್ನು ಆರಿಸಿ (ಕೋನವನ್ನಲ್ಲ, ಕೊಸೈನನ್ನು −1ರಿಂದ 1ರವರೆಗೆ ಸಮನಾಗಿ). ವೇಗಗಳನ್ನು ಕೂಡಿಸಿ, ಡಿಟೆಕ್ಟರ್ ಕಿಟಕಿಯೊಳಗೆ ಬಿತ್ತೇ ನೋಡಿ. ಪೈಥಾನ್‌ನಲ್ಲಿ ನಂಪೈ ಬಳಸಿ ಬರೆದರೆ 10 ಲಕ್ಷ ಘಟನೆಗೆ ಕೆಲವೇ ಸೆಕೆಂಡು. ಎಲ್ಲ ದಿಕ್ಕಿಗೂ ಸಮನಾಗಿ ಒಡೆಯುತ್ತದೆ ಎಂಬುದು ಆರಂಭಕ್ಕೆ ಸರಿ. ಸ್ಪಿನ್ 3ರ ಸ್ಥಿತಿ ಘರ್ಷಣೆಯಲ್ಲಿ ಒಂದು ದಿಕ್ಕಿಗೆ ಸಾಲುಗೊಂಡಿರಬಹುದಾದ್ದರಿಂದ ಕೊನೆಗೆ ತಿದ್ದುಪಡಿ ಬೇಕಾದೀತು.

ಸ್ಪೆಕ್ಟ್ರಂನ ಆಕಾರ ಎಲ್ಲಿ ನಿಂತು ನೋಡುತ್ತೀರಿ ಎನ್ನುವುದರ ಮೇಲಿದೆ. ಆಲ್ಫಾವನ್ನು ಎಲ್ಲ ಕೋನಗಳಲ್ಲೂ ಕೂಡಿಸಿದರೆ 13.9ರಿಂದ 22.2ರವರೆಗೆ ಮೇಜಿನಂತೆ ಚಪ್ಪಟೆ. ಡ್ಯೂಟರಾನ್ ಜೊತೆ ಒತ್ತಿನ ಕೋನದಲ್ಲಿ ಕೋಇನ್ಸಿಡೆನ್ಸ್ ತೆಗೆದರೆ ನಡುವಿನದೆಲ್ಲ ಮಾಯವಾಗಿ ಎರಡು ತುದಿಗಳಲ್ಲಿ ಎರಡು ಕೊಂಬು ಉಳಿಯುತ್ತವೆ. ಎರಡೂ ಒಂದೇ ಅನುರಣನದ್ದು.

ಕೋಇನ್ಸಿಡೆನ್ಸ್ ದತ್ತಾಂಶದಿಂದ ಸಾಪೇಕ್ಷ ಶಕ್ತಿಯನ್ನು ಮರಳಿ ಪಡೆಯುವ ಸೂತ್ರ:

ಸಾಪೇಕ್ಷ ಶಕ್ತಿ = [ಆಲ್ಫಾ ಶಕ್ತಿ + 2 × ಡ್ಯೂಟರಾನ್ ಶಕ್ತಿ − 2√(2 × ಆಲ್ಫಾ ಶಕ್ತಿ × ಡ್ಯೂಟರಾನ್ ಶಕ್ತಿ) × ನಡುಕೋನದ ಕೊಸೈನ್] ÷ 3

22.15, 5.26, ಸೊನ್ನೆ ಡಿಗ್ರಿ ಹಾಕಿ ನೋಡಿ: (32.67 − 30.53)/3 = 0.71. ಮುಂದೆ ಹಿಗ್ಗಿದ್ದು ಇಲ್ಲಿ ಹಿಂದಕ್ಕೆ ಕುಗ್ಗುತ್ತದೆ, ಇದು ನಮಗೆ ಲಾಭ. ಆಲ್ಫಾದ ಶಕ್ತಿಯಲ್ಲಿ 100 ಕೆಇವಿ ತಪ್ಪಾದರೆ ಸಾಪೇಕ್ಷ ಶಕ್ತಿಯಲ್ಲಿ ಬರೀ 10 ಕೆಇವಿ, ಡ್ಯೂಟರಾನ್‌ನಲ್ಲಾದರೆ 30 ಕೆಇವಿ ತಪ್ಪು. ಆದರೆ ನಡುಕೋನ 10 ಡಿಗ್ರಿ ಆಸುಪಾಸಿದ್ದಾಗ ಒಂದು ಡಿಗ್ರಿಯ ತಪ್ಪು ತಾನೊಂದೇ 30 ಕೆಇವಿ ತರುತ್ತದೆ. ದುಬಾರಿ ಡಿಟೆಕ್ಟರ್‌ಗಿಂತ ಕೋನವನ್ನು ಚೆನ್ನಾಗಿ ಅಳೆಯುವ ಪಟ್ಟಿ-ಡಿಟೆಕ್ಟರ್ ಇಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಅನುರಣನದ ಬಾಳಿಕೆಯನ್ನೂ ನೋಡಿ. 24 ಕೆಇವಿ ಅಗಲಕ್ಕೆ 2.7 × 10⁻²⁰ ಸೆಕೆಂಡ್. ಅಷ್ಟರಲ್ಲಿ ಲಿಥಿಯಂ ಸುಮಾರು 800 ಫೆರ್ಮಿ ದೂರ ಹೋಗಿರುತ್ತದೆ, ಅಲ್ಲಿ ಗುರಿಯ ಕೂಲಂಬ್ ಶಕ್ತಿ 0.2 ಎಂಇವಿ ಮಾತ್ರ. ಆದ್ದರಿಂದ ‘ಮೊದಲು ಚದುರಿತು, ದೂರದಲ್ಲಿ ಒಡೆಯಿತು’ ಎಂಬ ಎರಡು ಹಂತದ ಲೆಕ್ಕ ಅನುರಣನಕ್ಕೆ ಸರಿ. ಅನುರಣನವಿಲ್ಲದೆ ನೇರವಾಗಿ ಒಡೆಯುವ ಪಾಲು ಗುರಿಯ ಹತ್ತಿರವೇ ಒಡೆಯುತ್ತದೆ, ಅದಕ್ಕೆ ಸಿಡಿಸಿಸಿ ಲೆಕ್ಕ (ಒಡೆದ ಸ್ಥಿತಿಗಳ ನಿರಂತರ ಶ್ರೇಣಿಯನ್ನು ಬಿನ್ ಎಂಬ ತುಣುಕುಗಳಾಗಿಸಿ ಒಟ್ಟಿಗೆ ಬಿಡಿಸುವ ಕ್ವಾಂಟಂ ಲೆಕ್ಕ) ಬೇಕು.

ಸಿಡಿಸಿಸಿ ಹೊಂದಿಸುವಾಗ

ಫ್ರೆಸ್ಕೊ ಕೋಡ್‌ನಲ್ಲಿ ಇದನ್ನು ಮಾಡಬಹುದು. ಆಲ್ಫಾ-ಡ್ಯೂಟರಾನ್ ಪೊಟೆನ್ಶಿಯಲ್ ಎರಡು ಪರೀಕ್ಷೆ ಗೆಲ್ಲಬೇಕು: ಮೂಲ ಸ್ಥಿತಿ −1.474 ಎಂಇವಿಯಲ್ಲಿ, ಕೋನೀಯ ಸಂವೇಗ ಎಲ್ = 2ರಲ್ಲಿ ಅನುರಣನ 0.71ರಲ್ಲಿ. ಮೂಲ ಸ್ಥಿತಿಯ ತರಂಗಕ್ಕೆ ಒಂದು ಗಂಟು (ತರಂಗ ಸೊನ್ನೆಯಾಗುವ ಜಾಗ) ಇರಬೇಕು, ಗಂಟಿಲ್ಲದ ಎಸ್-ತರಂಗವನ್ನು ಪೌಲಿ ತತ್ವ ತಡೆಯುತ್ತದೆ. ಗಂಟಿಲ್ಲದ್ದನ್ನು ಹಾಕಿದರೂ ಬಂಧನ ಶಕ್ತಿ ಸರಿಯಾಗಿಯೇ ಬರುವುದರಿಂದ ಈ ತಪ್ಪು ಗೊತ್ತಾಗದೆ ಉಳಿದುಬಿಡುತ್ತದೆ.

ಆಲ್ಫಾ-ಗುರಿ ಪೊಟೆನ್ಶಿಯಲನ್ನು 20 ಎಂಇವಿಗೆ, ಡ್ಯೂಟರಾನ್-ಗುರಿಯದನ್ನು 10 ಎಂಇವಿಗೆ ತೆಗೆದುಕೊಳ್ಳಿ, 30ಕ್ಕಲ್ಲ. ಬಿನ್‌ಗಳ ವಿಷಯದಲ್ಲಿ ಎಚ್ಚರ: 0.712 ಎಂಇವಿ ಎಂದರೆ ತರಂಗಸಂಖ್ಯೆ 0.214 ಪ್ರತಿ ಫೆರ್ಮಿ, ಅನುರಣನದ ಅಗಲ ಬರೀ 0.004. ರೂಢಿಯ 0.1 ಅಗಲದ ಬಿನ್‌ನ ಗಡಿ ಅನುರಣನದ ಮೇಲೇ ಬಿದ್ದರೆ ಉತ್ತರ ಅಲುಗಾಡುತ್ತದೆ. ಅನುರಣನಕ್ಕೆಂದೇ ಒಂದು ಬಿನ್ ಕೊಟ್ಟು ಅದರ ನಡುವೆ ಅದನ್ನು ಕೂರಿಸಿ. ಬಿನ್ ಅರ್ಧಕ್ಕಿಳಿಸಿ, ತ್ರಿಜ್ಯ ಹೆಚ್ಚಿಸಿ, ಮತ್ತೆ ಓಡಿಸಿದಾಗ ಒಡೆಯುವಿಕೆಯ ಕ್ರಾಸ್ ಸೆಕ್ಷನ್ ಕೆಲವು ಶೇಕಡಕ್ಕಿಂತ ಹೆಚ್ಚು ಬದಲಾದರೆ ಲೆಕ್ಕ ಇನ್ನೂ ನೆಲೆ ನಿಂತಿಲ್ಲ. ಎಲ್ಲಕ್ಕಿಂತ ಮೊದಲು ಎಲಾಸ್ಟಿಕ್ ಚದುರುವಿಕೆಯ ದತ್ತಾಂಶಕ್ಕೆ ಈ ಲೆಕ್ಕ ಹೊಂದಬೇಕು. ಅದು ಹೊಂದದೆ ಒಡೆಯುವಿಕೆ ಹೊಂದಿದರೆ ಅದು ಕಾಕತಾಳೀಯ.

ಡ್ಯೂಟರಾನ್ ಗುರಿಯಲ್ಲೇ ಉಳಿದುಕೊಂಡ ಪಾಲು

ಸರಿಯಾದ ದಾರಿ, ಒಂದು ತುಣುಕನ್ನಷ್ಟೇ ಅಳೆಯುವ ಒಡೆಯುವಿಕೆಗೆ ಇಚಿಮುರಾ, ಆಸ್ಟರ್ನ್, ವಿನ್ಸೆಂಟ್ ಕಟ್ಟಿದ ಮಾದರಿ. ಅದರ ಕೋಡ್ ಕೈಯಲ್ಲಿಲ್ಲದಿದ್ದರೆ ಸರಳ ಆಕಾರದಿಂದ ಶುರುಮಾಡಬಹುದು. ದಿಬ್ಬದ ಜಾಗವನ್ನು ವಿದ್ಯುದಂಶದ ಲೆಕ್ಕ ಕೊಡುತ್ತದೆ: ಅನುಕೂಲದ (ಕ್ರಿಯೆ ಹೆಚ್ಚಾಗಿ ನಡೆಯುವ) ಕ್ಯೂ-ಮೌಲ್ಯ = 28.1 × [(2 × 41)/(3 × 40) − 1] = −8.9 ಎಂಇವಿ. ಇದಕ್ಕೆ 45 ಡಿಗ್ರಿಯಲ್ಲಿ ಆಲ್ಫಾ 20.1 ಎಂಇವಿ. ಬೀಮಿನ ವೇಗದ ಆಲ್ಫಾದ 20 ಎಂಇವಿಗೆ ಇದು ತಾಳೆಯಾಗುತ್ತದೆ. ನಿಯೋಬಿಯಂ-92ಕ್ಕೆ ಆಗ ಸುಮಾರು 18 ಎಂಇವಿ ಉದ್ರೇಕ.

ಅಗಲ ಭೌತವಿಜ್ಞಾನಿ ರಾಬರ್ಟ್ ಸರ್ಬರ್ ಅವರ 1947ರ ವಿಚಾರದಿಂದ ಬರುತ್ತದೆ: ಒಡೆಯುವ ಮೊದಲೇ ಲಿಥಿಯಂನೊಳಗೆ ಆಲ್ಫಾ ಓಡಾಡುತ್ತಿತ್ತು, ಆ ಓಡಾಟವೇ ಹೊರಗೆ ಹರವಾಗಿ ಕಾಣುತ್ತದೆ. 1.474 ಎಂಇವಿ ಬಂಧನಕ್ಕೆ ಒಳಗಿನ ಸಂವೇಗ ಸುಮಾರು 61 ಎಂಇವಿ/ಸಿ. ಬೀಮಿನ ವೇಗ ಬೆಳಕಿನ ಹತ್ತರಲ್ಲೊಂದು. ಗುಣಿಸಿದರೆ ಎರಡೂ ಕಡೆ 6 ಎಂಇವಿ ಹರವು. ಈ ಆಕಾರ 38 ಎಂಇವಿ ಆಚೆ ಸೊನ್ನೆಯಾಗಬೇಕು. ಗಾಸಿಯನ್ ಹಾಕಿ ಹಾಗೇ ಬಿಟ್ಟರೆ ಶಕ್ತಿ ಸಂರಕ್ಷಣೆ ಮುರಿದು ಬಾಲ ಆಚೆಗೂ ಹೋಗುತ್ತದೆ, ಅಂತಿಮ ಸ್ಥಿತಿಗಳ ಗುಣಕ ಸೇರಿಸಿ.

ಕಲಬೆರಕೆ ಹಿಡಿಯುವುದು

ಇಂಗಾಲ-12ರ ಮೇಲೆ ಲಿಥಿಯಂ-6 ಬಿದ್ದು ನೈಟ್ರೋಜನ್-14ರ ಮೂಲ ಸ್ಥಿತಿ ಆದರೆ ಆಲ್ಫಾ 45 ಡಿಗ್ರಿಯಲ್ಲಿ ಸುಮಾರು 32 ಎಂಇವಿ, 90 ಡಿಗ್ರಿಯಲ್ಲಿ 20. ಹನ್ನೆರಡು ಎಂಇವಿ ಕುಸಿತ. ಜಿರ್ಕೋನಿಯಂನ ಮೇಲ್ತುದಿ ಅದೇ ದೂರದಲ್ಲಿ 38ರಿಂದ 36ಕ್ಕೆ ಮಾತ್ರ ಇಳಿಯುತ್ತದೆ. ಕೋನ ಬದಲಿಸಿದಾಗ ಓಡಿಹೋಗುವ ಚೂಪು ಶಿಖರ ಕಂಡರೆ ಅದು ಹಗುರ ಧಾತುವಿನದೇ. ಜಿರ್ಕೋನಿಯಂ ಗಾಳಿಯಲ್ಲಿ ಆಕ್ಸೈಡ್ ಕಟ್ಟಿಕೊಳ್ಳುವುದರಿಂದ, ಇಂಗಾಲದ ಹಾಳೆ ಮತ್ತು ಆಮ್ಲಜನಕವಿರುವ ಹಾಳೆ ಎರಡರ ಮೇಲೂ ಒಂದಷ್ಟು ಹೊತ್ತು ಬೀಮ್ ಬಿಟ್ಟು ಅಳೆದುಕೊಳ್ಳಿ.

ಕೂಡಿಸುವುದು

ಹಿಂದಿನ ಕೋನದಿಂದ ಆವಿ-ಆಲ್ಫಾ ಬಂತು. ಕೋಇನ್ಸಿಡೆನ್ಸ್‌ನಿಂದ ಎಲಾಸ್ಟಿಕ್ ಒಡೆಯುವಿಕೆ ಬಂತು. ಇಂಗಾಲ, ಆಮ್ಲಜನಕದ ಹಾಳೆಗಳಿಂದ ಕಲಬೆರಕೆ ಬಂತು. ಆಲ್ಫಾ-ಪ್ರೋಟಾನ್ ಮತ್ತು ಆಲ್ಫಾ-ಆಲ್ಫಾ ಜೋಡಿಗಳಿಂದ ವರ್ಗಾವಣೆಯ ಪಾಲು ಬಂತು. ಎಲ್ಲವನ್ನೂ ಡಿಟೆಕ್ಟರಿನ ಸ್ಪಷ್ಟತೆಯೊಂದಿಗೆ ಕಲಸಿ, ಕಾಲು ಎಂಇವಿ ಬಿನ್‌ಗಳಲ್ಲಿ ದತ್ತಾಂಶದಿಂದ ಕಳೆಯಿರಿ. ಉಳಿದದ್ದು ಗುರಿ ಡ್ಯೂಟರಾನನ್ನು ನುಂಗಿದ ಪಾಲು, ಅದರ ಎತ್ತರ ಒಂದನ್ನು ಮಾತ್ರ ಫಿಟ್ಟಿಗೆ ಬಿಡಿ. ಎಣಿಕೆ ಕಡಿಮೆ ಇರುವ ಬಾಲದಲ್ಲಿ ಕೈ-ವರ್ಗದ (χ²) ಹೊಂದಿಕೆ ಬೇಡ, ಪಾಯ್ಸನ್ ಸಂಭವನೀಯತೆ ಬಳಸಿ. ಕಳೆದ ಮೇಲೆ ಯಾವುದೋ ಬಿನ್ ಋಣವಾದರೆ ಅದನ್ನು ಸೊನ್ನೆ ಮಾಡಿ ಮುಚ್ಚಬೇಡಿ. 14 ಎಂಇವಿ ಬಳಿ ಋಣವಾದರೆ ಆವಿ-ಆಲ್ಫಾ ಹೆಚ್ಚಾಗಿದೆ, 22ರ ಬಳಿಯಾದರೆ ಎಲಾಸ್ಟಿಕ್ ಪಾಲು ಹೆಚ್ಚಾಗಿದೆ.

ಲಿಥಿಯಂ-7ಕ್ಕೆ ಬದಲಿಸಿದರೆ

ಅದೇ ಕೋಡ್‌ನಲ್ಲಿ ಅಂಕಿಗಳನ್ನಷ್ಟೇ ಬದಲಿಸಿದರೆ ಸಾಲದು. ಲಿಥಿಯಂ-6, ಆಲ್ಫಾ, ಡ್ಯೂಟರಾನ್ ಮೂರಕ್ಕೂ ವಿದ್ಯುದಂಶ ಮತ್ತು ದ್ರವ್ಯರಾಶಿಯ ಅನುಪಾತ ಒಂದೇ, ಅರ್ಧ. ಗುರಿಯ ಕೂಲಂಬ್ ಬಲ ಆಲ್ಫಾವನ್ನೂ ಡ್ಯೂಟರಾನನ್ನೂ ಒಂದೇ ಸಮ ತಳ್ಳುತ್ತದೆ, ಹತ್ತಿರದಲ್ಲಿ ಒಡೆದರೂ ಇಬ್ಬರ ವೇಗ ಹೆಚ್ಚು ಬೇರೆಯಾಗುವುದಿಲ್ಲ. ಲಿಥಿಯಂ-7 ಒಡೆದರೆ ಆಲ್ಫಾ ಮತ್ತು ಟ್ರೈಟಾನ್ (ಹೈಡ್ರೋಜನ್-3 ನ್ಯೂಕ್ಲಿಯಸ್). ಟ್ರೈಟಾನಿನ ಅನುಪಾತ ಮೂರನೇ ಒಂದು. ಗುರಿಯ ಹತ್ತಿರ ಒಡೆದಾಗ ಆಲ್ಫಾ ಹೆಚ್ಚು ತಳ್ಳಿಸಿಕೊಂಡು ಬೀಮಿನ ವೇಗ ಹೇಳುವುದಕ್ಕಿಂತ ಮೇಲೆ ಹೋಗುತ್ತದೆ, ಟ್ರೈಟಾನ್ ಹಿಂದುಳಿಯುತ್ತದೆ. ಒಡೆದ ದೂರವನ್ನು ಮಾಡೆಲ್‌ನಲ್ಲಿ ಹಾಕಲೇಬೇಕು.

ಒಡೆಯುವ ಮಿತಿಯೂ 2.467 ಎಂಇವಿಗೆ ಏರುತ್ತದೆ, ಅನುರಣನ 4.65ರಲ್ಲಿ, ಬಿಡುಗಡೆಯಾಗುವುದು 2.18 ಎಂಇವಿ. 45 ಡಿಗ್ರಿಗೆ ಚದುರಿದ ಲಿಥಿಯಂ-7ರ ಶಕ್ತಿ 24.1. ಮೇಲಿನದೇ ವರ್ಗಮೂಲದ ಲೆಕ್ಕ ಹಾಕಿದರೆ ಆಲ್ಫಾ 7.5ರಿಂದ 21.9 ಎಂಇವಿವರೆಗೆ ಹರಡುತ್ತದೆ. ಆವಿ-ಆಲ್ಫಾದ ಇಡೀ ದಿಬ್ಬ ಅದರ ಹೊಟ್ಟೆಯೊಳಗೆ ಬರುತ್ತದೆ. ಶಕ್ತಿಯ ಗಡಿ ಎಳೆದು ಒಡೆದದ್ದನ್ನೂ ಬೆರೆತದ್ದನ್ನೂ ಬೇರೆ ಮಾಡಲು ಇಲ್ಲಿ ದಾರಿಯೇ ಇಲ್ಲ. 120 ಡಿಗ್ರಿ ಆಚೆ ಕನಿಷ್ಠ ಎರಡು ಟೆಲಿಸ್ಕೋಪ್ ಇಡದೆ ಆ ಪ್ರಯೋಗಕ್ಕೆ ಬೀಮ್ ಸಮಯ ಕೇಳಬೇಡಿ.